ಕಡತ ಎಲ್ಲಿ ನಿಂತಿದೆ? ಬಿಪಿಎಂ ಮತ್ತು ಅದರ ಚಕ್ರ

"ಪ್ರೋಸೆಸ್ ಬದಲಾಗಿದೆ ಮೇಡಂ, ಈಗ ಹಾಗೆ ಬರಲ್ಲ." ಬ್ಯಾಂಕಿನ ಕೌಂಟರಿನಲ್ಲಿ ಈ ಮಾತು ನೀವೂ ಕೇಳಿರುತ್ತೀರಿ. ಆಫೀಸಿಗೆ ಹೋಗುವವರಿಗೆ ಇದರ ಇನ್ನೊಂದು ಮುಖ ಗೊತ್ತು. ಒಂದು ದಿನ ಲ್ಯಾಪ್‌ಟಾಪ್ ಹಿಡಿದ ಇಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ. ದಿನವೂ ಮಾಡುವ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಹೇಳಿ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ ಸುದ್ದಿ: "ನಮ್ಮ ಸೆಕ್ಷನ್ ಆಟೊಮೇಟ್ ಆಗುತ್ತಂತೆ." ಎಐ ಬಂದ ಮೇಲಂತೂ ಈ ಇಬ್ಬರು ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಸರ್ಕಾರಿ ಕಚೇರಿ ಎನ್ನದೆ ಎಲ್ಲ ಕಡೆ ಕಾಣಿಸುತ್ತಿದ್ದಾರೆ.

ಅವರು ಮಾಡುವ ಕೆಲಸದ ಹೆಸರು ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಬಿಪಿಎಂ. ಹೆಸರು ದೊಡ್ಡದು. ಒಳಗಿರುವ ವಿಚಾರ ಅಷ್ಟು ಕಷ್ಟದ್ದಲ್ಲ. ಪಹಣಿಗಾಗಿ ಅಲೆದವರಿಗೆ, ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು ಕಾದವರಿಗೆ ಅದು ಬೇಗ ಅರ್ಥವಾಗುತ್ತದೆ.

ಪ್ರೋಸೆಸ್ ಅಂದರೆ ಕೆಲಸದ ದಾರಿ

ಬೆಂಗಳೂರಿನ ಯಾವುದಾದರೂ ದರ್ಶಿನಿಗೆ ಬೆಳಗ್ಗೆ ಎಂಟೂವರೆಗೆ ಹೋಗಿ ಒಂದು ಮೂಲೆಯಲ್ಲಿ ನಿಂತು ನೋಡಿ. ಗಿರಾಕಿ ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳುತ್ತಾರೆ. ಚೀಟಿ ದೋಸೆ ಕೌಂಟರಿಗೆ ಹೋಗುತ್ತದೆ. ಅಲ್ಲಿನವರು ಅದನ್ನು ಸ್ವಲ್ಪ ಹರಿದು ಪಕ್ಕಕ್ಕೆ ಇಡುತ್ತಾರೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಒಂದೇ ಸಲಕ್ಕೆ ಹತ್ತು ಹನ್ನೆರಡು ದೋಸೆ ಹುಯ್ಯುತ್ತಾರೆ. ಪಲ್ಯ, ಬೆಣ್ಣೆ, ಮಡಿಕೆ, ತಟ್ಟೆ, ಚಟ್ನಿ. ಗಿರಾಕಿ ನಿಂತೇ ತಿಂದು, ಕಾಫಿ ಕೌಂಟರಿಗೆ ಹೋಗಿ ಇನ್ನೊಂದು ಚೀಟಿ ಕೊಡುತ್ತಾರೆ.

ದೋಸೆ ಹುಯ್ಯುವುದು ಒಂದು ಕೆಲಸ. ಬಿಲ್ ಹಾಕುವುದು ಇನ್ನೊಂದು ಕೆಲಸ. ಹಸಿದು ಬಂದವರ ಕೈಗೆ ತಟ್ಟೆ ಸಿಗುವವರೆಗೆ ಇರುವ ಇಡೀ ಸರಣಿ ಪ್ರೋಸೆಸ್. ನಾನು ಇದನ್ನು ಕೆಲಸದ ದಾರಿ ಎಂದು ಕರೆಯುತ್ತೇನೆ. ಒಂದು ಕಡೆಯಿಂದ ಏನೋ ಒಂದು ಬೇಡಿಕೆ ಬರುತ್ತದೆ. ಅದು ನಾಲ್ಕಾರು ಕೈ ದಾಟುತ್ತದೆ. ಕೊನೆಗೆ ಯಾರಿಗೋ ಬೇಕಾದದ್ದು ಸಿಗುತ್ತದೆ.

ದರ್ಶಿನಿಯಲ್ಲಿ ಈ ದಾರಿ ಕಣ್ಣಿಗೆ ಕಾಣುತ್ತದೆ. ಹತ್ತು ಅಡಿ ಜಾಗದಲ್ಲಿ ಎಲ್ಲ ಮುಗಿಯುತ್ತದೆ. ದೋಸೆ ಕೌಂಟರಿನಲ್ಲಿ ಜನ ಜಾಸ್ತಿಯಾದರೆ ಮಾಲೀಕರು ಗಲ್ಲಾಪೆಟ್ಟಿಗೆಯಿಂದಲೇ ನೋಡಿ ಒಬ್ಬ ಹುಡುಗನನ್ನು ಅತ್ತ ಕಳಿಸುತ್ತಾರೆ. ದೊಡ್ಡ ಸಂಸ್ಥೆಯಲ್ಲಿ ದಾರಿ ಕಾಣುವುದಿಲ್ಲ. ಅರ್ಜಿ ಒಂದು ಮಹಡಿಯಲ್ಲಿ, ಪರಿಶೀಲನೆ ಇನ್ನೊಂದರಲ್ಲಿ, ಸಹಿ ಬೇರೆ ಊರಿನಲ್ಲಿ. ಪ್ರತಿಯೊಬ್ಬರೂ ತಮ್ಮ ಮೇಜಿನ ಕೆಲಸ ನೋಡಿಕೊಳ್ಳುತ್ತಾರೆ. ಎರಡು ಮೇಜಿನ ನಡುವಿನ ಜಾಗವನ್ನು ಯಾರೂ ನೋಡುವುದಿಲ್ಲ. ಆ ಜಾಗವನ್ನೂ ಸೇರಿಸಿ ಪೂರ್ತಿ ದಾರಿಯನ್ನು ನೋಡುವುದು, ಅಳೆಯುವುದು, ಸರಿ ಮಾಡುವುದು, ಮತ್ತೆ ನೋಡುತ್ತಾ ಇರುವುದು ಬಿಪಿಎಂ.

ಕಡತದ ಮೇಲಿನ ತಾರೀಕುಗಳು

ಇದು ನನಗೆ ಅರ್ಥವಾದದ್ದು ಒಂದು ಟಿಎ ಬಿಲ್ಲಿನಿಂದ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಪ್ರವಾಸ ಹೋಗಿ ಬಂದವರಿಗೆ ಖರ್ಚಿನ ಹಣ ಬರುವುದು ತುಂಬ ತಡವಾಗುತ್ತಿತ್ತು. ಅಕೌಂಟ್ಸ್‌ನವರು ಸೋಮಾರಿಗಳು ಎಂದು ಎಲ್ಲರೂ ಬೈಯುತ್ತಿದ್ದರು. ನಾನೂ ಬೈಯುತ್ತಿದ್ದೆ. ಒಂದು ಸಲ ಹಣ ಬಂದ ಮೇಲೆ ನನ್ನದೇ ಬಿಲ್ಲಿನ ಕಡತ ತರಿಸಿಕೊಂಡು ನೋಡಿದೆ. ಏಳು ಸಹಿಗಳಿದ್ದವು. ಪ್ರತಿ ಸಹಿಯ ಪಕ್ಕ ತಾರೀಕಿತ್ತು. ಮೊದಲ ಸಹಿಯಿಂದ ಕೊನೆಯ ಸಹಿಗೆ 23 ದಿನ.

ಸಹಿ ಹಾಕಿದ ಒಬ್ಬೊಬ್ಬರನ್ನೂ ಕೇಳಿದೆ: ಈ ಕಡತ ನೋಡಲು ನಿಮಗೆ ಎಷ್ಟು ಹೊತ್ತು ಬೇಕು? ಐದು ನಿಮಿಷ, ಎರಡು ನಿಮಿಷ, ಟೋಟಲ್ ಹಾಕುವವರಿಗೆ ಹದಿನೈದು ನಿಮಿಷ. ಎಲ್ಲ ಕೂಡಿಸಿದರೆ ಮುಕ್ಕಾಲು ಗಂಟೆಯೂ ಆಗಲಿಲ್ಲ. ಉಳಿದ ಸಮಯವೆಲ್ಲ ಕಡತ ಸುಮ್ನೆ ಮಲಗಿತ್ತು. ಒಬ್ಬ ಅಧಿಕಾರಿ ನಮ್ಮ ಕಟ್ಟಡಕ್ಕೆ ಬರುತ್ತಿದ್ದದ್ದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಶುಕ್ರವಾರ ಸಂಜೆ ಅವರ ಟ್ರೇಗೆ ಬಿದ್ದ ಕಡತಕ್ಕೆ ಮಂಗಳವಾರದವರೆಗೆ ವನವಾಸ. ಮೂರನೆಯವರು ಕಂಡುಹಿಡಿಯುತ್ತಿದ್ದ ತಪ್ಪು, ಅಂದರೆ ಬಸ್ ಟಿಕೆಟ್ ಲಗತ್ತಿಸಿಲ್ಲ ಎಂಬುದು, ಮೊದಲನೆಯವರ ಮೇಜಿನಲ್ಲೇ ಗೊತ್ತಾಗಬೇಕಿತ್ತು. ಅಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ. ಬಿಲ್ ಸಾಗುವ ದಾರಿಯೇ ಹಾಗಿತ್ತು.

ಬಿಪಿಎಂ ಕಲಿಯುವವರು ಮೊದಲು ತಿಳಿಯಬೇಕಾದ ಲೆಕ್ಕ ಇದು. ಕೆಲಸ ಮಾಡುವ ಹೊತ್ತು ಬೇರೆ, ಕಾಯುವ ಹೊತ್ತು ಬೇರೆ. ಕಚೇರಿಯ ಕೆಲಸದಲ್ಲಿ ಎರಡನೆಯದು ಮೊದಲಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಟೈಪ್ ಮಾಡುವವರ ಕೈ ಎರಡು ಪಟ್ಟು ಚುರುಕಾದರೂ 23 ದಿನ 22 ಆಗುವುದಿಲ್ಲ.

ಫೋರ್ಡ್‌ನಲ್ಲಿ 500, ಮಜ್ದಾದಲ್ಲಿ 5

ಬಿಪಿಎಂ ಓದುವವರೆಲ್ಲ ಕೇಳುವ ಒಂದು ಕಥೆ ಇದೆ. 1980ರ ದಶಕದ ಆರಂಭ. ಅಮೆರಿಕದ ಫೋರ್ಡ್ ಕಾರು ಕಂಪನಿ ಖರ್ಚು ಕಡಿಮೆ ಮಾಡಲು ಹೊರಟಿತು. ಬಿಡಿಭಾಗ ಪೂರೈಸಿದವರಿಗೆ ಹಣ ಕೊಡುವ ವಿಭಾಗದಲ್ಲೇ, ಉತ್ತರ ಅಮೆರಿಕ ಒಂದರಲ್ಲೇ, 500ಕ್ಕೂ ಜಾಸ್ತಿ ಜನ ಇದ್ದರು. ಕಂಪ್ಯೂಟರ್ ಹಾಕಿದರೆ 20 ಶೇಕಡಾ ಜನರನ್ನು ಕಡಿಮೆ ಮಾಡಬಹುದು ಎಂದು ಲೆಕ್ಕ ಹಾಕಿದರು. ಆಮೇಲೆ ಜಪಾನಿನ ಕಾರು ಕಂಪನಿ ಮಜ್ದಾ ಕಡೆ ನೋಡಿದರು. ಅಲ್ಲಿ ಅದೇ ಕೆಲಸಕ್ಕೆ ಇದ್ದವರು 5 ಜನ. ಮಜ್ದಾ ಚಿಕ್ಕ ಕಂಪನಿ, ನಿಜ. ಆದರೆ ಈ ಅಂತರ ಕಂಪನಿಯ ಗಾತ್ರದಿಂದ ಬಂದದ್ದಲ್ಲ.

ಫೋರ್ಡ್‌ನ ದಾರಿ ಹೀಗಿತ್ತು. ಖರೀದಿ ವಿಭಾಗ ಆರ್ಡರ್ ಕೊಟ್ಟು ಅದರ ಪ್ರತಿಯನ್ನು ಹಣ ಕೊಡುವವರಿಗೆ ಕಳಿಸುತ್ತಿತ್ತು. ಸರಕು ಬಂದಾಗ ಗೋಡೌನಿನವರು ಇನ್ನೊಂದು ಚೀಟಿ ಕಳಿಸುತ್ತಿದ್ದರು. ಸರಕು ಪೂರೈಸಿದವರು ಬಿಲ್ ಕಳಿಸುತ್ತಿದ್ದರು. ಮೂರೂ ಕಾಗದ ಎದುರಿಗಿಟ್ಟುಕೊಂಡು 14 ವಿವರಗಳನ್ನು ತಾಳೆ ನೋಡಬೇಕು. ತಾಳೆಯಾದರೆ ಚೆಕ್. ಆಗದಿದ್ದರೆ ಫೋನು, ಪತ್ರ, ಹುಡುಕಾಟ. ಆ ನೂರಾರು ಜನರ ಹೊತ್ತು ಹೋಗುತ್ತಿದ್ದದ್ದು ತಾಳೆಯಾಗದ ಕಾಗದಗಳ ಹಿಂದೆಯೇ.

ಹೊಸ ದಾರಿಯಲ್ಲಿ ಬಿಲ್ಲನ್ನೇ ತೆಗೆದುಹಾಕಿದರು. ಆರ್ಡರ್ ಕಂಪ್ಯೂಟರಿನಲ್ಲಿ ಇರುತ್ತದೆ. ಲಾರಿ ಬಂದಾಗ ಗೋಡೌನಿನವರು ಅಲ್ಲೇ ನೋಡುತ್ತಾರೆ. ಆರ್ಡರಿಗೆ ಸರಿಹೊಂದಿದರೆ ಒಪ್ಪಿಗೆ, ಹೊಂದದಿದ್ದರೆ ಸರಕು ವಾಪಸ್. ಒಪ್ಪಿಗೆ ಕೊಟ್ಟರೆ ಚೆಕ್ ತಾನೇ ಹೊರಡುತ್ತದೆ. ತಾಳೆ ನೋಡಬೇಕಾದ ವಿವರ 14ರಿಂದ 3ಕ್ಕೆ ಇಳಿಯಿತು. ಅದನ್ನೂ ಕಂಪ್ಯೂಟರೇ ನೋಡುತ್ತದೆ. ಈ ದಾರಿ ಬಂದ ಕಡೆ ಆ ಕೆಲಸದ ಜನ 75 ಶೇಕಡಾ ಕಡಿಮೆಯಾದರು. ಮ್ಯಾನೇಜ್‌ಮೆಂಟ್ ಚಿಂತಕ ಮೈಕೆಲ್ ಹ್ಯಾಮರ್ 1990ರಲ್ಲಿ ಬರೆದ ಲೇಖನದಿಂದ ಈ ಕಥೆ ಲೋಕಕ್ಕೆಲ್ಲ ಗೊತ್ತಾಯಿತು. ಹಳೆಯ ದಾರಿಗೆ ಕಂಪ್ಯೂಟರ್ ಹಾಕಬೇಡಿ, ಮೊದಲು ದಾರಿಯನ್ನೇ ಹೊಸದಾಗಿ ಯೋಚಿಸಿ ಎಂಬುದು ಅವರ ವಾದ.

ಆ 75 ಶೇಕಡಾದ ಹಿಂದೆ ಮನುಷ್ಯರಿದ್ದರು ಎಂಬುದನ್ನೂ ಮರೆಯಬಾರದು. "ಪ್ರೋಸೆಸ್ ನೋಡಲು ಬಂದಿದ್ದೇವೆ" ಎಂದವರನ್ನು ಕಂಡರೆ ಆಫೀಸಿನಲ್ಲಿ ಎದೆ ಢವಢವ ಅನ್ನುವುದು ಸುಮ್ಮನೆ ಅಲ್ಲ.

ಹತ್ತಿರದ ಹೆಸರುಗಳು

ಹ್ಯಾಮರ್ ಹೇಳಿದ್ದು ಒಂದೇ ಏಟಿಗೆ ಎಲ್ಲ ಬದಲಿಸುವ ವಿಧಾನ. ಅದರ ಹೆಸರು ರೀಇಂಜಿನಿಯರಿಂಗ್. ಬಿಪಿಎಂ ಅದಕ್ಕಿಂತ ಸಮಾಧಾನದ್ದು. ಒಮ್ಮೆ ಮಾಡಿ ಬಿಡುವುದಲ್ಲ, ಸುತ್ತಿ ಸುತ್ತಿ ಮಾಡುವುದು. ಬಿಪಿಒ ಅಂದರೆ ಕಚೇರಿಯ ಒಂದು ಕೆಲಸವನ್ನೇ ಹೊರಗಿನ ಕಂಪನಿಗೆ ಒಪ್ಪಿಸುವುದು. ನಮ್ಮ ದೇಶದಲ್ಲಿ ಒಂದು ಗೊಂದಲ ಇದೆ. ಹಿಂದೆ ಬಿಪಿಒ ಎನ್ನುತ್ತಿದ್ದ ಉದ್ಯಮವೇ ಈಗ ತನ್ನನ್ನು ಬಿಪಿಎಂ ಎಂದು ಕರೆದುಕೊಳ್ಳುತ್ತದೆ. ಇನ್ಫೋಸಿಸ್ ಬಿಪಿಒ ಈಗ ಇನ್ಫೋಸಿಸ್ ಬಿಪಿಎಂ. ಹಾಗಾಗಿ "ಮಗಳು ಬಿಪಿಎಂನಲ್ಲಿದ್ದಾಳೆ" ಎಂದರೆ ಉದ್ಯಮದ ಹೆಸರು. "ಬಿಪಿಎಂ ಮಾಡುತ್ತಾಳೆ" ಎಂದರೆ ಈ ಲೇಖನದಲ್ಲಿ ಹೇಳುತ್ತಿರುವ ಕೆಲಸ.

ಚಕ್ರ ಸುತ್ತುವುದು ಹೇಗೆ: ಪಹಣಿಯ ದಾರಿ

ಬಿಪಿಎಂಗೆ ಒಂದು ಜೀವನ ಚಕ್ರ ಇದೆ. ದಾರಿ ಗುರುತಿಸುವುದು, ಈಗ ಹೇಗಿದೆ ಎಂದು ಬರೆದುಕೊಳ್ಳುವುದು, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು, ಹೊಸ ದಾರಿ ಯೋಚಿಸುವುದು, ಜಾರಿಗೆ ತರುವುದು, ನಡೆಯುವುದನ್ನು ನೋಡುತ್ತಿರುವುದು. ಆರನೆಯದು ಮತ್ತೆ ಮೊದಲಿಗೆ ಕರೆದುಕೊಂಡು ಹೋಗುತ್ತದೆ. ಕೆಲವರು ಐದು ಹಂತ ಎನ್ನುತ್ತಾರೆ, ಕೆಲವರು ಏಳು. ಎಣಿಕೆ ಮುಖ್ಯವಲ್ಲ. ನಮ್ಮ ರಾಜ್ಯದ್ದೇ ಒಂದು ದೊಡ್ಡ ಉದಾಹರಣೆ ಹಿಡಿದು ನೋಡೋಣ. ಅದು ಪಹಣಿಯನ್ನು ಕಂಪ್ಯೂಟರಿಗೆ ತಂದ, ಕಂದಾಯ ಇಲಾಖೆಯ ಭೂಮಿ ಯೋಜನೆ.

ಯಾವ ದಾರಿಯನ್ನು ಮೊದಲು ಹಿಡಿಯಬೇಕು? ಒಂದು ಇಲಾಖೆಯಲ್ಲಿ ನೂರಾರು ದಾರಿಗಳಿರುತ್ತವೆ. ಜಾಸ್ತಿ ಜನರಿಗೆ ಬೇಕಾದದ್ದು, ಜಾಸ್ತಿ ನೋವು ಕೊಡುತ್ತಿರುವುದು, ಸರಿ ಮಾಡಲು ಕೈಗೆಟುಕುವುದು ಮೊದಲು ಬರಬೇಕು. ಕರ್ನಾಟಕದಲ್ಲಿ ಪಹಣಿ ಈ ಮೂರಕ್ಕೂ ಹೊಂದುತ್ತಿತ್ತು. ಸುಮಾರು 67 ಲಕ್ಷ ರೈತರು, 2 ಕೋಟಿ ದಾಖಲೆಗಳು. ಬೆಳೆ ಸಾಲಕ್ಕೆ ಪಹಣಿ, ಕೋರ್ಟಿಗೆ ಪಹಣಿ, ಜಮೀನು ಮಾರಲು ಪಹಣಿ.

ಆಗ ದಾರಿ ಹೇಗಿತ್ತು? ದಾಖಲೆ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಅಂಥವರು ಸುಮಾರು 9,000 ಜನ. ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಇವತ್ತು ಯಾವ ಊರಿನಲ್ಲಿದ್ದಾರೆ ಎಂದು ವಿಚಾರಿಸಿಕೊಂಡು ಹೋಗಬೇಕು. ಸಿಕ್ಕರೆ ಕೈಬರಹದಲ್ಲಿ ಬರೆದು ಕೊಡುತ್ತಿದ್ದರು. ಪಹಣಿಗೆ 3 ದಿನದಿಂದ 30 ದಿನ ಹಿಡಿಯುತ್ತಿತ್ತು. ಕೈಬಿಸಿಯೂ ಮಾಡಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಿಸುವುದಾಗಲಿ, ಕೊಂಡ ಜಮೀನಿನ ಖಾತೆ ಬದಲಾವಣೆಯಾಗಲಿ ಇನ್ನೂ ಉದ್ದದ ಕಥೆ. ಯಾರ ಅರ್ಜಿ ಮೊದಲು ಬಂತು, ಯಾರದು ಆಮೇಲೆ ಎಂದು ನೋಡಲು ಹೊರಗಿನವರಿಗೆ ದಾರಿಯೇ ಇರಲಿಲ್ಲ.

ಈ ಹಂತವನ್ನು ಪುಸ್ತಕದಲ್ಲಿ ಬರೆದಿರುವ ನಿಯಮ ನೋಡಿ ಮಾಡಿದರೆ ಕೆಲಸ ಕೆಡುತ್ತದೆ. ನಿಯಮದಲ್ಲಿ ಒಂದು ದಾರಿ ಇರುತ್ತದೆ, ನೆಲದ ಮೇಲೆ ಇನ್ನೊಂದು. ದಿನವೂ ಆ ಕೆಲಸ ಮಾಡುವವರ ಪಕ್ಕದಲ್ಲಿ ಕೂತು ನೋಡಿದಾಗ ಮಾತ್ರ ಅದು ತಿಳಿಯುತ್ತದೆ.

ಚಿತ್ರ ಬಿಡಿಸಲು ಒಂದು ಭಾಷೆ

ನೋಡಿದ್ದನ್ನು ಬರೆದಿಡಲು ಬಿಪಿಎಂಎನ್ ಎಂಬ ಚಿತ್ರಭಾಷೆ ಇದೆ. ಇದರ ಎರಡನೇ ಆವೃತ್ತಿ 2011ರಲ್ಲಿ ಬಂತು. ಅದು 2013ರಲ್ಲಿ ಐಎಸ್‌ಒದ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಬೆಂಗಳೂರಿನಲ್ಲಿ ಬಿಡಿಸಿದ್ದನ್ನು ಬರ್ಲಿನ್‌ನಲ್ಲಿ ಕೂತವರು ಓದಬಹುದು. ಅಕ್ಷರಗಳು ಕಡಿಮೆ. ತೆಳು ಗೆರೆಯ ವೃತ್ತ ಅಂದರೆ ಶುರು. ದಪ್ಪ ಗೆರೆಯ ವೃತ್ತ ಅಂದರೆ ಮುಗಿಯಿತು. ಮೂಲೆ ದುಂಡಗಿರುವ ಚೌಕ ಅಂದರೆ ಒಂದು ಕೆಲಸ. ಬಾಣ ಅಂದರೆ ಮುಂದೆ ಎಲ್ಲಿಗೆ. ವಜ್ರದ ಆಕಾರ ಅಂದರೆ ಕವಲು.

ದರ್ಶಿನಿಯನ್ನೇ ಬಿಡಿಸೋಣ. ಹಾಳೆಯನ್ನು ಅಡ್ಡಕ್ಕೆ ಮೂರು ಪಟ್ಟಿ ಮಾಡಿ: ಗಿರಾಕಿ, ಕ್ಯಾಶಿಯರ್, ಅಡುಗೆಮನೆ. ಈಜುಕೊಳದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಇರುತ್ತದಲ್ಲ, ಹಾಗೆ. ಚೀಟಿಯಲ್ಲಿ ಇಡ್ಲಿಯೋ ದೋಸೆಯೋ ಎಂಬಲ್ಲಿ ವಜ್ರದೊಳಗೆ ಗುಣಾಕಾರದ ಗುರುತು. ಎರಡರಲ್ಲಿ ಒಂದೇ ದಾರಿ ಎಂದರ್ಥ. ಒಬ್ಬರು ದೋಸೆ ಹುಯ್ಯುವಾಗಲೇ ಇನ್ನೊಬ್ಬರು ತಟ್ಟೆಗೆ ಚಟ್ನಿ ಹಾಕಿಡುತ್ತಾರೆ ಎಂಬಲ್ಲಿ ಕೂಡಿಸುವ ಗುರುತು. ಎರಡೂ ಒಟ್ಟಿಗೆ ನಡೆಯುತ್ತವೆ ಎಂದರ್ಥ.

ಈ ಚಿತ್ರದಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವ ಬಾಣಗಳ ಕಡೆಗೆ. ಕಡತಗಳು ಮಲಗುವುದು ಅಲ್ಲೇ.

ಎಲ್ಲಿ ಕೆಟ್ಟಿದೆ?

ಚಿತ್ರ ಕೈಗೆ ಬಂದ ಮೇಲೆ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ ಕೇಳುತ್ತಾರೆ. ಇದು ಯಾರಿಗೆ ಬೇಕು? ಕೆಲವು ಹೆಜ್ಜೆ ಗಿರಾಕಿಗೆ ಬೇಕು. ಕೆಲವು ಗಿರಾಕಿಗೆ ಬೇಡ, ಆದರೆ ಕಾನೂನಿಗೆ ಬೇಕು. ಕೆಲವು ಯಾರಿಗೂ ಬೇಡ, ಹಿಂದಿನಿಂದ ನಡೆದುಬಂದಿದೆ ಅಷ್ಟೆ.

ಇಲ್ಲಿ ಎಚ್ಚರ ಬೇಕು. ಖಾತೆ ಬದಲಾವಣೆಯಲ್ಲಿ ನೋಟಿಸ್ ಕೊಟ್ಟು 30 ದಿನ ತಕರಾರಿಗಾಗಿ ಕಾಯುವ ನಿಯಮವಿತ್ತು. ಗಡಿಯಾರ ಹಿಡಿದು ಕೂತವರಿಗೆ ಅದು ದಂಡವಾದ ಕಾಲ. ಆದರೆ ಅಣ್ಣ ಒಬ್ಬನೇ ಹೋಗಿ ಎಲ್ಲ ಜಮೀನನ್ನೂ ತನ್ನ ಹೆಸರಿಗೆ ಬರೆಸಿಕೊಳ್ಳಲು ಹೊರಟಾಗ, ಮದುವೆಯಾಗಿ ಬೇರೆ ಊರಲ್ಲಿರುವ ತಂಗಿಗೆ ಸುದ್ದಿ ತಲುಪಲು ಇರುವ ಕಾಲವೂ ಅದೇ. ಬೇಕೆಂದೇ ಇಟ್ಟ ಕಾಯುವಿಕೆಯನ್ನೂ ಸುಮ್ಮನೆ ಕಾಯಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನೊಂದು ಒಳ್ಳೆಯ ಅಭ್ಯಾಸ ಜಪಾನಿನ ಟೊಯೊಟಾ ಕಾರ್ಖಾನೆಯಿಂದ ಬಂದದ್ದು. ಯಾಕೆ ಎಂದು ಐದು ಸಲ ಕೇಳುವುದು. ಬಿಲ್ ಯಾಕೆ ವಾಪಸ್ ಬಂತು? ಟಿಕೆಟ್ ಇರಲಿಲ್ಲ. ಯಾಕೆ ಇರಲಿಲ್ಲ? ಲಗತ್ತಿಸಬೇಕು ಅಂತ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ಫಾರಂನಲ್ಲಿ ಬರೆದಿಲ್ಲ. ಯಾಕೆ ಬರೆದಿಲ್ಲ? ನಿಯಮ ಬದಲಾದಾಗ ಹಳೆಯ ಫಾರಂ ತಿದ್ದಿಲ್ಲ. ಯಾಕೆ ತಿದ್ದಿಲ್ಲ? ಫಾರಂ ಯಾರ ಹೊಣೆ ಎಂಬುದೇ ಗೊತ್ತಿಲ್ಲ. ಮೊದಲ ಉತ್ತರಕ್ಕೇ ನಿಂತಿದ್ದರೆ ಟಿಕೆಟ್ ಇಡದವರನ್ನು ಬೈದು ಮುಗಿಸುತ್ತಿದ್ದೆವು.

ಒಂದು ಸಣ್ಣ ಲೆಕ್ಕ

"ನನ್ನ ಅರ್ಜಿ ಎಷ್ಟು ದಿನಕ್ಕೆ ಆಗುತ್ತೆ?" ಇದಕ್ಕೆ ಉತ್ತರ ಕೊಡುವ ಒಂದು ನಿಯಮ ಇದೆ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಳಗೆ ಬಾಕಿ ಇರುವ ಅರ್ಜಿಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಅರ್ಜಿಗಳ ಸಂಖ್ಯೆಯಿಂದ ಭಾಗಿಸಿ. ಸರಾಸರಿ ಎಷ್ಟು ದಿನ ಎಂದು ಸಿಗುತ್ತದೆ. ಒಂದು ಕಚೇರಿಯಲ್ಲಿ 300 ಅರ್ಜಿ ಬಾಕಿ ಇವೆ, ದಿನಕ್ಕೆ 20 ಮುಗಿಯುತ್ತವೆ ಅಂದುಕೊಳ್ಳಿ. ಸರಾಸರಿ 15 ದಿನ. ಎಷ್ಟು ಅರ್ಜಿ ಬರುತ್ತವೋ ಅಷ್ಟೇ ಮುಗಿಯುತ್ತಾ ಇರುವ ಕಡೆ ಈ ಲೆಕ್ಕ ಸರಿಹೊಂದುತ್ತದೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಯಾರದೋ ಅರ್ಜಿಯನ್ನು ಶಿಫಾರಸಿನ ಮೇಲೆ ಮುಂದಕ್ಕೆ ತಂದರೆ ಸರಾಸರಿ ಕಡಿಮೆಯಾಗುವುದಿಲ್ಲ. ಅವರು ಉಳಿಸಿಕೊಂಡ ದಿನಗಳನ್ನು ಬೇರೆ ಯಾರೋ ಕಾಯುತ್ತಾರೆ.

ಹೊಸ ದಾರಿ, ಮತ್ತು ಹಳೆಯದನ್ನು ಮುಚ್ಚುವುದು

ಭೂಮಿ ಯೋಜನೆಗೂ ಮೊದಲು ಪಹಣಿಯನ್ನು ಕಂಪ್ಯೂಟರಿಗೆ ತರುವ ಪ್ರಯತ್ನ ನಡೆದಿತ್ತು. ಅದು ಫಲಿಸಲಿಲ್ಲ. ಕಾರಣ ಸರಳ. ದಾಖಲೆ ನಿಜವಾಗಿ ಬದಲಾಗುತ್ತಿದ್ದದ್ದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಒಮ್ಮೆ ತುಂಬಿಸಿದ ಮಾಹಿತಿ ಹಾಗೇ ಹಳೆಯದಾಯಿತು. ಸಾವು, ಮಾರಾಟ, ಪಾಲು ಎಲ್ಲ ಕೈಬರಹದ ಪುಸ್ತಕದಲ್ಲೇ ಮುಂದುವರಿಯಿತು.

ಭೂಮಿಯಲ್ಲಿ ದಾರಿಯನ್ನೇ ತಿರುಗಿಸಿದರು. ಇದರ ಮುಂದಾಳತ್ವ ವಹಿಸಿದ್ದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಮಾಡಿದ್ದು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ. ತಾಲ್ಲೂಕು ಕಚೇರಿಯಲ್ಲೇ ಕೌಂಟರ್ ಬಂತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಗಿರಾಕಿಯ ಕಡೆಗೆ ತಿರುಗಿಸಿದ ಇನ್ನೊಂದು ಪರದೆ ಇತ್ತು. ಒಳಗಿನವರು ಏನು ಟೈಪ್ ಮಾಡುತ್ತಿದ್ದಾರೆ ಎಂಬುದು ಹೊರಗೆ ನಿಂತ ರೈತರಿಗೂ ಕಾಣುತ್ತಿತ್ತು. ಒಂದು ಪರದೆಯಿಂದ ಎಷ್ಟೋ ಅನುಮಾನ ಕಳೆಯುತ್ತದೆ. ನನಗೆ ಇಡೀ ಯೋಜನೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಖಾತೆ ಬದಲಾವಣೆಯ ಅರ್ಜಿಯನ್ನೂ ಕೌಂಟರಿನಲ್ಲೇ ಕೊಡಬೇಕಿತ್ತು. ಕಂಪ್ಯೂಟರ್ ನಂಬರ್ ಕೊಡುತ್ತಿತ್ತು. ನೋಟಿಸನ್ನೂ ಅದೇ ಅಚ್ಚು ಮಾಡುತ್ತಿತ್ತು. ಮೊದಲು ಬಂದ ಅರ್ಜಿ ಮೊದಲು, ನಡುವೆ ಜಿಗಿಯುವಂತಿರಲಿಲ್ಲ. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಿತ್ತು. ಯಾರು ತಿದ್ದಿದರು ಎಂಬುದಕ್ಕೆ ಗುರುತು ಉಳಿಯುತ್ತಿತ್ತು.

ಇದೆಲ್ಲದಕ್ಕಿಂತ ಗಟ್ಟಿ ಹೆಜ್ಜೆ ಇನ್ನೊಂದು. ತಾಲ್ಲೂಕಿನಲ್ಲಿ ಕೌಂಟರ್ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿ ಕೊಡುವುದನ್ನೇ ನಿಷೇಧಿಸಿದರು. ಜಾರಿಯ ಹಂತದಲ್ಲಿ ಎಷ್ಟೋ ಕಡೆ ಎಡವುವುದು ಇಲ್ಲೇ. ಹೊಸ ತಂತ್ರಾಂಶವೂ ಇರಲಿ, ಹಳೆಯ ರಿಜಿಸ್ಟರೂ ಇರಲಿ ಎಂದು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಜನ ತಮಗೆ ಅಭ್ಯಾಸವಾದದ್ದಕ್ಕೇ ಹೋಗುತ್ತಾರೆ. ಗುಮಾಸ್ತರಿಗೆ ಎರಡು ಪಟ್ಟು ಕೆಲಸ. ಕೊನೆಗೆ ಕಂಪ್ಯೂಟರ್ ಮೇಲೆ ಪ್ಲಾಸ್ಟಿಕ್ ಹೊದಿಕೆ.

ನಡೆಯುತ್ತಿರುವುದನ್ನು ನೋಡುವುದು

ಜಾರಿಯಾದ ದಿನ ಹಾರ ಹಾಕಿ, ಸಿಹಿ ಹಂಚಿ ಮುಗಿಸಿದರೆ ಅದು ಬಿಪಿಎಂ ಆಗುವುದಿಲ್ಲ. ಎಷ್ಟು ದಿನ ಹಿಡಿಯುತ್ತಿದೆ, ಎಷ್ಟು ವಾಪಸ್ ಬರುತ್ತಿವೆ, ಎಲ್ಲಿ ರಾಶಿ ಬೀಳುತ್ತಿದೆ ಎಂದು ನೋಡುತ್ತಿರಬೇಕು. ಕರ್ನಾಟಕದಲ್ಲಿ ಇದಕ್ಕೆ ಕಾನೂನಿನ ಬಲ ಕೊಟ್ಟದ್ದು ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ರಾಜ್ಯದ ಎಲ್ಲೆಡೆ ಜಾರಿಯಾಯಿತು. ಅರ್ಜಿ ಕೊಟ್ಟರೆ ಅದನ್ನು ಗುರುತಿಸುವ ಜಿಎಸ್‌ಸಿ ನಂಬರ್ ಸಿಗುತ್ತದೆ. ಇಂತಿಷ್ಟು ದಿನದೊಳಗೆ ಸೇವೆ ಸಿಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರದು. ಮೊತ್ತ ದೊಡ್ಡದಲ್ಲ. ಆದರೆ ಅರ್ಜಿಗೆ ನಂಬರ್ ಬಿದ್ದ ಕ್ಷಣದಿಂದ ಅದು ಎಲ್ಲಿ ನಿಂತಿದೆ ಎಂದು ಹೊರಗಿನವರೂ ಕೇಳಬಹುದು.

ಇಂಥ ನಂಬರುಗಳಿಂದ ಹುಟ್ಟಿದ ಇನ್ನೊಂದು ವಿದ್ಯೆ ಪ್ರೋಸೆಸ್ ಮೈನಿಂಗ್. ನೆದರ್‌ಲ್ಯಾಂಡ್ಸ್‌ನ ವಿಲ್ ವಾನ್ ಡರ್ ಆಲ್ಸ್ಟ್ ಎಂಬ ವಿಜ್ಞಾನಿ ಇದನ್ನು ಬೆಳೆಸಿದವರಲ್ಲಿ ಮುಖ್ಯರು. ಇದಕ್ಕೆ ಮೂರೇ ಮಾಹಿತಿ ಸಾಕು: ಯಾವ ಅರ್ಜಿ, ಏನು ನಡೆಯಿತು, ಯಾವಾಗ. ಕಂಪ್ಯೂಟರಿನಲ್ಲಿ ಇದು ಹೇಗೂ ದಾಖಲಾಗಿರುತ್ತದೆ. ಲಕ್ಷಗಟ್ಟಲೆ ಅರ್ಜಿಗಳ ಈ ಗುರುತುಗಳನ್ನು ಜೋಡಿಸಿದರೆ ತಂತ್ರಾಂಶವೇ ನಿಜವಾದ ದಾರಿಯ ಚಿತ್ರ ಬಿಡಿಸುತ್ತದೆ. ಹೊಲದಲ್ಲಿ ಜನ ನಡೆದು ನಡೆದು ಕಾಲುದಾರಿ ಮೂಡುತ್ತದಲ್ಲ, ಹಾಗೆ. ನಾನು ಕಡತದ ಏಳು ತಾರೀಕು ನೋಡಿ ಮಾಡಿದ ಕೆಲಸವನ್ನೇ ಇದು ದೊಡ್ಡದಾಗಿ ಮಾಡುತ್ತದೆ.

ಅಳತೆಗೂ ಒಂದು ಅಪಾಯ ಇದೆ. ದಿನ ಮಾತ್ರ ಎಣಿಸಿದರೆ, ಅವಧಿ ಮುಗಿಯುವ ಹಿಂದಿನ ದಿನ ಏನೋ ಒಂದು ನೆಪ ಬರೆದು ಅರ್ಜಿ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು "ವಿಲೇವಾರಿ." ಹಾಗಾಗಿ ದಿನದ ಜೊತೆಗೆ ತಿರಸ್ಕಾರ ಎಷ್ಟು, ಯಾಕೆ ಎಂಬುದನ್ನೂ ಎಣಿಸಬೇಕು.

ರಾಶಿ ಬೇರೆ ಕಡೆ ಬೀಳುತ್ತದೆ

ಚಕ್ರ ಯಾಕೆ ಸುತ್ತಲೇಬೇಕು? ಒಂದು ಕಡೆ ಕಟ್ಟಿಕೊಂಡದ್ದನ್ನು ಬಿಡಿಸಿದರೆ ನೀರು ಮುಂದಿನ ಇಕ್ಕಟ್ಟಿನಲ್ಲಿ ನಿಲ್ಲುತ್ತದೆ. ಪಹಣಿ ನಿಮಿಷಗಳಲ್ಲಿ ಸಿಗತೊಡಗಿದ ಮೇಲೆ ರೈತರ ಕಾಯುವಿಕೆ ಬೇರೆ ಜಾಗಕ್ಕೆ ಹೋಯಿತು. ಜಮೀನಿನ ಒಂದು ಭಾಗ ಮಾತ್ರ ಮಾರಬೇಕಾದರೆ ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಬೇಕು. ಅದಕ್ಕೆ ಭೂಮಾಪಕರು ಹೊಲಕ್ಕೇ ಬಂದು ಅಳೆಯಬೇಕು. ಕಂಪ್ಯೂಟರ್ ಎಷ್ಟೇ ಜೋರಾಗಿ ಓಡಿದರೂ ಹೊಲದ ಬದುವಿನ ಮೇಲೆ ನಡೆಯುವುದು ಮನುಷ್ಯರ ಕಾಲು.

ಇನ್ನೊಂದು ತೊಡಕು ನೋಂದಣಿಯದು. ಜಮೀನು ಕೊಂಡವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಖಾತೆಗಾಗಿ ತಾಲ್ಲೂಕು ಕಚೇರಿಗೆ ಮತ್ತೆ ಅರ್ಜಿ ಹಿಡಿದು ಹೋಗಬೇಕಿತ್ತು. ಎರಡು ಇಲಾಖೆ, ನಡುವೆ ಖಾಲಿ ಜಾಗ. ಆಮೇಲೆ ನೋಂದಣಿಯ ಕಾವೇರಿ ತಂತ್ರಾಂಶವನ್ನು ಭೂಮಿಗೆ ಜೋಡಿಸಿದರು. ನೋಂದಣಿ ಆದ ಕೂಡಲೇ ವಿವರ ತಾನಾಗಿ ಅಲ್ಲಿಗೆ ಹೋಗಿ ಖಾತೆ ಬದಲಾವಣೆ ಶುರುವಾಗುವಂತೆ ಆಯಿತು. ಇದು ಅದೇ ಚಕ್ರದ ಎರಡನೇ ಸುತ್ತು.

ಆ ಇಬ್ಬರು ನಿಮ್ಮ ಪಕ್ಕ ಕೂತಾಗ

ನಿಮ್ಮ ಕೆಲಸದ ದಾರಿ ಬರೆದುಕೊಳ್ಳಲು ಯಾರಾದರೂ ಬಂದರೆ, ಎಲ್ಲ ಸರಿಯಾಗಿ ನಡೆಯುವ ದಿನದ ಕಥೆ ಹೇಳಿ ಕಳಿಸಬೇಡಿ. ಸರ್ವರ್ ಡೌನ್ ಆದ ದಿನ ಏನು ಮಾಡುತ್ತೀರಿ? ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ ಇದ್ದಾಗ ಹೇಗೆ ದಾಟಿಸುತ್ತೀರಿ? ಯಾರಿಗೆ ಫೋನ್ ಮಾಡಿ ಕೇಳುತ್ತೀರಿ? ಇದು ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ಇದನ್ನು ಹೇಳದೆ ಬಿಟ್ಟರೆ ಹೊಸ ತಂತ್ರಾಂಶದಲ್ಲಿ ಇದಕ್ಕೆ ಜಾಗವೂ ಇರುವುದಿಲ್ಲ. ಪೂರ್ತಿ ದಾರಿಗೆ ಹೊಣೆಗಾರರು ಯಾರು ಎಂದೂ ಕೇಳಿ. ವಿಭಾಗಕ್ಕೆ ಒಬ್ಬ ಮುಖ್ಯಸ್ಥರು ಇದ್ದೇ ಇರುತ್ತಾರೆ. ಮೊದಲ ಮೇಜಿನಿಂದ ಕೊನೆಯ ಮೇಜಿನವರೆಗೆ ಒಬ್ಬರ ಹೆಸರು ಇರಬೇಕು.

ನಮ್ಮ ಟಿಎ ಬಿಲ್ಲಿಗೆ ಹಾಗೆ ಒಬ್ಬರನ್ನು ನೇಮಿಸಿದರು. ಫಾರಂ ತಿದ್ದಿದೆವು. ಟಿಕೆಟ್ ಇದೆಯೇ ಎಂದು ಮೊದಲ ಮೇಜಿನಲ್ಲೇ ನೋಡಿದೆವು. ಸಣ್ಣ ಮೊತ್ತದ ಬಿಲ್ಲಿಗೆ ಏಳರ ಬದಲು ಮೂರು ಸಹಿ ಸಾಕು ಎಂದಾಯಿತು. 23 ದಿನ 6 ದಿನಕ್ಕೆ ಬಂತು. ನಾಲ್ಕು ತಿಂಗಳ ಮೇಲೆ ನೋಡಿದರೆ ಮತ್ತೆ 9. ಬಿಲ್ಲುಗಳು ಬೇಗ ಬೇಗ ಬರತೊಡಗಿ, ಬ್ಯಾಂಕಿಗೆ ಪಟ್ಟಿ ಕಳಿಸುವ ಒಬ್ಬರೇ ಒಬ್ಬರ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಅವರು ಪಟ್ಟಿ ಕಳಿಸುತ್ತಿದ್ದದ್ದು ವಾರಕ್ಕೆ ಒಂದೇ ಸಲ. ನಾವು ಬೀರುವಿನಿಂದ ಹಳೆಯ ಚಿತ್ರದ ಹಾಳೆ ತೆಗೆದು, ಗೋಡೆಗೆ ಅಂಟಿಸಿ, ಕೊನೆಯ ಚೌಕದ ಸುತ್ತ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದೆವು.